ಕಾಲೇಜ್ ಸೇವಾ ಕ್ಲಬ್‌ಗೆ ಇಡೀ ವರ್ಷದ ಪ್ಲಾನ್: ದುಡ್ಡು ಎತ್ತೋದು, ಪ್ರೋಗ್ರಾಂ ಮಾಡೋದು, ಲೆಕ್ಕ ಒಪ್ಸೋದು

ಕಾಲೇಜ್ ಶುರುವಾದ ತಕ್ಷಣ ಕ್ಲಬ್ ಹುಡುಗ್ರು ಹುಡುಗೀರು ಕೇಳೋ ಮೊದಲ್ನೇ ಪ್ರಶ್ನೆ "ಅಣ್ಣಾ, ಯಾವ ಇವೆಂಟ್ ಮಾಡಿದ್ರೆ ದುಡ್ಡು ಜಾಸ್ತಿ ಬರತ್ತೆ?" ಅಂತ. ಶುರು ಮಾಡೋ ಜಾಗಾನೇ ಅದಲ್ಲ. ಯಾರಿಗೆ ಏನು ಬೇಕು ಅಂತ ಮೊದ್ಲು ತಿಳ್ಕೊಳಿ, ಆಮೇಲೆ ಅದಕ್ಕೆಷ್ಟು ಖರ್ಚಾಗತ್ತೆ ಅಂತ ನೋಡಿ, ಅಷ್ಟು ದುಡ್ಡಿಗೆ ಯಾವ ಪ್ರೋಗ್ರಾಂ ಸಾಕು ಅನ್ನೋದು ಕೊನೇಗೆ. ಈ ಸಾಲು ತಲೆಕೆಳಗಾದ್ರೆ ಫುಡ್ ಮೇಳ ಜೋರಾಗೇ ಆಗತ್ತೆ, ಫೋಟೋನೂ ಚೆನ್ನಾಗ್ ಬರತ್ತೆ, ಆದ್ರೆ ಬಂದ ದುಡ್ಡನ್ನ ಏನ್ ಮಾಡೋದು ಅಂತ ಮಾರ್ಚ್‌ನಲ್ಲಿ ಪರೀಕ್ಷೆ ಮಧ್ಯ ಮೀಟಿಂಗ್ ಮಾಡ್ಕೊಂಡು ಕೂತಿರ್ತೀರ.

ಕೆಳಗೆ ಬರೆದಿರೋದು ಪಿಯು ಮತ್ತು ಡಿಗ್ರಿ ಕಾಲೇಜಿನ ಕ್ಲಬ್‌ಗಳನ್ನ ಮನಸ್ಸಲ್ಲಿ ಇಟ್ಕೊಂಡು, ಎನ್ಎಸ್ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಯೂನಿಟ್ ಆಗಿರ್ಲಿ, ಯೂತ್ ರೆಡ್ ಕ್ರಾಸ್ ಆಗಿರ್ಲಿ, ರೋಟರಿಯವರ ಯುವ ಕ್ಲಬ್ ರೋಟರಾಕ್ಟ್ ಆಗಿರ್ಲಿ, ನಾಲ್ಕ್ ಜನ ಫ್ರೆಂಡ್ಸ್ ಸೇರಿ ಕಟ್ಕೊಂಡಿರೋ ಗುಂಪೇ ಆಗಿರ್ಲಿ. ಹೈಸ್ಕೂಲ್ ಮಕ್ಕಳೂ ಮಾಡ್ಬೋದು, ಆದ್ರೆ ದುಡ್ಡಿನ ಕೆಲಸ ಪೂರ್ತಿ ಟೀಚರ್ ಕೈಲೇ ಇರ್ಲಿ.

ಮೊದ್ಲು ಕ್ಲಬ್‌ಗೆ ಒಂದು ನೆಲೆ

ಪ್ರಿನ್ಸಿಪಾಲ್‌ಗೆ ಒಂದು ಪುಟದ ಅರ್ಜಿ ಬರೀರಿ. ಈ ವರ್ಷ ಏನೇನ್ ಮಾಡ್ಬೇಕು ಅಂತ ಇದೀವಿ, ಜವಾಬ್ದಾರಿ ಯಾವ ಲೆಕ್ಚರರ್‌ದು, ದುಡ್ಡು ಯಾವ ಅಕೌಂಟ್‌ಗೆ ಹೋಗತ್ತೆ, ಇಷ್ಟಿದ್ರೆ ಸಾಕು. ಅದರ ಮೇಲೆ ಅವರ ಸಹಿ, ಸೀಲ್ ಬಿದ್ದ ಮೇಲೆ ಜೆರಾಕ್ಸ್ ಮಾಡಿಟ್ಕೊಳಿ. ಅಂಗಡಿಗಳಿಗೆ ಸ್ಪಾನ್ಸರ್ ಕೇಳೋಕೆ ಹೋದಾಗ, ಸ್ಟೇಷನ್‌ಗೆ ಪರ್ಮಿಷನ್‌ಗೆ ಹೋದಾಗ, ಸರ್ಕಾರಿ ಶಾಲೆ ಹೆಡ್‌ಮಾಸ್ಟರ್ ಹತ್ರ ಹೋದಾಗ, ಎಲ್ಲಾ ಕಡೆ ಮೊದ್ಲು ಕೇಳೋದೇ ಈ ಕಾಗದ.

ಎನ್ಎಸ್ಎಸ್ ಯೂನಿಟ್ ಇರೋ ಕಾಲೇಜಾದ್ರೆ ನಿಮಗೆ ಅರ್ಧ ಕೆಲಸ ಕಮ್ಮಿ. 1969ರ ಸೆಪ್ಟೆಂಬರ್ 24ಕ್ಕೆ ಶುರುವಾದ ಯೋಜನೆ ಅದು, ಪ್ರೋಗ್ರಾಂ ಆಫೀಸರ್, ಸಲಹಾ ಸಮಿತಿ, ರಿಜಿಸ್ಟರ್ ಎಲ್ಲಾ ರೆಡಿ ಇರತ್ತೆ, ಎರಡು ವರ್ಷದಲ್ಲಿ 240 ಗಂಟೆ ಸೇವೆ ಮತ್ತೆ ಏಳು ದಿನದ ವಿಶೇಷ ಶಿಬಿರ ಮುಗಿಸಿದೋರಿಗೆ ಸರ್ಟಿಫಿಕೇಟೂ ಸಿಗತ್ತೆ. ಅದಕ್ಕೇ ನೀವು ಮಾಡೋ ಪ್ರತಿ ಕೆಲಸದ ಗಂಟೆಗಳನ್ನ ಅವತ್ತವತ್ತೇ ಡೈರಿಲಿ ಬರೆಸಿ. ಒಂದು ವಿಷ್ಯ ಮಾತ್ರ ಕಟ್ಟುನಿಟ್ಟು: ಯೂನಿಟ್‌ಗೆ ಬರೋ ಸರ್ಕಾರಿ ಅನುದಾನದ ಲೆಕ್ಕ ಬೇರೆ, ನೀವು ಜನರ ಹತ್ರ ಎತ್ತಿದ ದುಡ್ಡಿನ ಲೆಕ್ಕ ಬೇರೆ, ಎರಡನ್ನೂ ಯಾವ ಕಾರಣಕ್ಕೂ ಕಲಸ್ಬೇಡಿ.

ಟೀಮಲ್ಲಿ ಅಧ್ಯಕ್ಷ ಕಾರ್ಯದರ್ಶಿ ಯಾರು ಅನ್ನೋದಕ್ಕಿಂತ ಖಜಾಂಚಿ ಯಾರು ಅನ್ನೋದು ಮುಖ್ಯ. ಇಬ್ರನ್ನ ಮಾಡಿ, ಒಬ್ರು ಸೀನಿಯರ್, ಒಬ್ರು ಜೂನಿಯರ್. ಸ್ಟೇಜ್ ಮೇಲೆ ಚೆನ್ನಾಗಿ ಮಾತಾಡೋರನ್ನ ಈ ಜಾಗಕ್ಕೆ ಹಾಕ್ಬೇಡಿ, ದಿನಾ ಸಂಜೆ ಹತ್ತು ನಿಮಿಷ ಕೂತು ಬರೆಯೋ ತಾಳ್ಮೆ ಇರೋರನ್ನ ಹಾಕಿ.

ಯಾರಿಗೆ ಏನು ಬೇಕು ಅಂತ ಹೋಗಿ ಕೇಳಿ

ಇಡೀ ಕೆಲಸದಲ್ಲಿ ಎಲ್ರೂ ಬಿಟ್ಟುಬಿಡೋ ಹೆಜ್ಜೆ ಇದೇ. ಸರ್ಕಾರಿ ಶಾಲೆಗೆ ಸಹಾಯ ಮಾಡ್ಬೇಕು ಅಂತ ತೀರ್ಮಾನ ಮಾಡಿದ್ರಿ ಅಂತಿಟ್ಕೊಳಿ. ತಲೆಗೆ ಮೊದ್ಲು ಬರೋದು ಯೂನಿಫಾರ್ಮ್, ಶೂ, ಬ್ಯಾಗು, ನೋಟ್‌ಬುಕ್ಕು. ಆದ್ರೆ ನಮ್ಮ ರಾಜ್ಯದ ಸರ್ಕಾರಿ ಶಾಲೆ ಮಕ್ಕಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಸಾಕ್ಸ್ ಸರ್ಕಾರದಿಂದಾನೇ ಬರತ್ತೆ, ಮಧ್ಯಾಹ್ನದ ಊಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆ ಬಾಳೆಹಣ್ಣೂ ಕೊಡ್ತಾರೆ. ನೀವು ಮತ್ತೊಂದ್ ಜೊತೆ ಶೂ ತಗೊಂಡ್ ಹೋಗೋದಕ್ಕಿಂತ ಆ ಶಾಲೇಲಿ ನಿಜವಾಗ್ಲೂ ಏನಿಲ್ಲ ಅಂತ ನೋಡ್ಬೇಕು.

ಹೆಡ್‌ಮಾಸ್ಟರ್‌ಗೆ ಫೋನ್ ಮಾಡಿ ಟೈಮ್ ಕೇಳ್ಕೊಂಡು ಮೂರ್ ಜನ ಹೋಗಿ, ಹದಿನೈದ್ ಜನ ಹೋಗ್ಬೇಡಿ. "ಏನ್ ಕೊಡ್ಲಿ ಸಾರ್" ಅಂತ ಕೇಳಿದ್ರೆ ಸಂಕೋಚಕ್ಕೆ "ನಿಮ್ಮಿಷ್ಟ ಕಣ್ರಪ್ಪಾ" ಅಂದ್ಬಿಡ್ತಾರೆ. ಅದರ ಬದ್ಲು "ಸಾರ್, ಹೋದ್ ವರ್ಷ ಏನಿಲ್ದೇ ನಿಮಗೆ ತೊಂದ್ರೆ ಆಯ್ತು?" ಅಂತ ಕೇಳಿ. ಆಗ ಬರತ್ತೆ ನಿಜವಾದ ಪಟ್ಟಿ: ವಾಟರ್ ಫಿಲ್ಟರ್ ಕೆಟ್ಟು ನಿಂತಿದೆ, ಹುಡುಗೀರ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ಲೈಬ್ರರಿ ಪುಸ್ತಕ ಗೋಣಿಚೀಲದಲ್ಲಿದೆ ಇಡೋಕೆ ರ್‍ಯಾಕಿಲ್ಲ, ಏಳನೇ ಕ್ಲಾಸಿನ ಮಕ್ಕಳು ಇಂಗ್ಲಿಷ್-ಕನ್ನಡ ಡಿಕ್ಷನರಿನೇ ನೋಡಿಲ್ಲ. ಚಿಲಕದ ಬೆಲೆ ನೂರಿನ್ನೂರು ರೂಪಾಯಿ, ಆದ್ರೆ ಅದಿಲ್ದೇ ಹುಡುಗೀರು ಶಾಲೆ ಇರೋ ಹೊತ್ತಲ್ಲಿ ನೀರೇ ಕುಡಿಯಲ್ಲ. ಇಂಥ ವಿಷ್ಯ ನೀವಲ್ಲಿ ಹೋಗಿ ನಿಂತ್ಕೊಳೋವರೆಗೂ ಗೊತ್ತಾಗಲ್ಲ. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಧ್ಯಕ್ಷರನ್ನೂ ಒಂದ್ಸಲ ಮಾತಾಡಿಸಿ, ಮಕ್ಕಳ ಪೋಷಕರ ಕಡೆಯೋರು ಅವರು, ಟೀಚರ್ ಹೇಳದೇ ಇರೋದು ಅವರು ಹೇಳ್ತಾರೆ. ಕಟ್ಟಡ, ವೈರಿಂಗ್ ಮುಟ್ಟೋ ಕೆಲಸವಾದ್ರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಒಪ್ಪಿಗೆ ಬೇಕಾ ಅಂತ ಹೆಡ್‌ಮಾಸ್ಟರನ್ನೇ ಕೇಳ್ಕೊಳಿ.

ಒಂದು ವರ್ಷಕ್ಕೆ ಒಂದೇ ಜಾಗ, ಒಂದೇ ಕೆಲಸ. ವೃದ್ಧಾಶ್ರಮಕ್ಕೆ ಸ್ವಲ್ಪ, ಶಾಲೆಗೆ ಸ್ವಲ್ಪ, ಬೀದಿನಾಯಿಗಳಿಗೆ ಸ್ವಲ್ಪ ಅಂತ ಹಂಚಿದ್ರೆ ಯಾವ್ದೂ ಪೂರ್ತಿ ಆಗಲ್ಲ, ದುಡ್ಡು ಕೊಟ್ಟೋರಿಗೂ ಏನಾಯ್ತು ಅಂತ ತೋರಿಸೋಕಾಗಲ್ಲ.

ಕ್ಯಾಲೆಂಡರ್ ಗೋಡೆಗೆ ಹಾಕಿ

ದೊಡ್ಡ ಹಾಳೇಲಿ ಜೂನ್‌ನಿಂದ ಮಾರ್ಚ್‌ವರೆಗೆ ಗೆರೆ ಎಳೀರಿ, ಮೊದ್ಲು ಪರೀಕ್ಷೆ, ಇಂಟರ್ನಲ್ಸು, ದಸರಾ ರಜೆ ಕೆಂಪಲ್ಲಿ ಗುರುತು ಮಾಡಿ. ಡಿಗ್ರಿಯೋರಿಗೆ ಒಂದೊಂದು ಯೂನಿವರ್ಸಿಟೀದು ಒಂದೊಂದು ಥರ, ನಿಮ್ಮದನ್ನ ನೋಡ್ಕೊಳಿ. ಉಳಿದಿರೋ ಬಿಳೀ ಜಾಗಾನೇ ನಿಮ್ಮ ವರ್ಷ, ಅದು ನೀವಂದ್ಕೊಂಡಿದ್ದಕ್ಕಿಂತ ಚಿಕ್ಕದಿರತ್ತೆ. ನನ್ನ ಪ್ರಕಾರ ಇಷ್ಟು ಸಾಕು:

ಜೂನ್-ಜುಲೈ: ಟೀಮು, ಪರ್ಮಿಷನ್ನು, ಶಾಲೆ ಭೇಟಿ, ಬಜೆಟ್.
ಆಗಸ್ಟ್: ರದ್ದಿ ಪೇಪರ್ ಸಂಗ್ರಹ. ಮಳೆ ಇರತ್ತೆ, ಪೇಪರ್ ನೆನೆಯದ ಹಾಗೆ ಒಂದು ರೂಮ್ ಕೇಳಿಟ್ಕೊಳಿ.
ಸೆಪ್ಟೆಂಬರ್: ಎನ್ಎಸ್ಎಸ್ ದಿನದ ಆಸುಪಾಸು ರಕ್ತದಾನ ಶಿಬಿರ.
ಅಕ್ಟೋಬರ್ 2ರಿಂದ 8: ದಾನ್ ಉತ್ಸವ್, ಅಂದ್ರೆ ಕೊಡೋದನ್ನೇ ಹಬ್ಬದ ಥರ ಮಾಡೋ ವಾರ, 2009ರಿಂದ ದೇಶಾದ್ಯಂತ ನಡೀತಿದೆ. ಹಳೇ ವಿದ್ಯಾರ್ಥಿಗಳ ಹತ್ರ ಕೇಳೋಕೆ ಒಳ್ಳೆ ನೆಪ, ಕಾಲೇಜಿಗೆ ರಜೆ ಇದ್ರೂ ಫೋನಲ್ಲೇ ನಡಿಯತ್ತೆ.
ನವೆಂಬರ್: ರಾಜ್ಯೋತ್ಸವದ ಜೊತೆಗೆ ಫುಡ್ ಮೇಳ. ದೊಡ್ಡ ಕಾರ್ಯಕ್ರಮ ವರ್ಷಕ್ಕೆ ಇದೊಂದೇ.
ಡಿಸೆಂಬರ್-ಜನವರಿ: ಸಾಮಾನು ತಗೊಳೋದು, ಶಾಲೇಲಿ ಕೆಲಸ ಮುಗಿಸೋದು. ಜನವರಿ 12 ಯುವ ದಿನ, ಅಷ್ಟೊತ್ತಿಗೆ ಮುಗಿಸ್ತೀವಿ ಅಂತ ಗುರಿ ಇಟ್ಕೊಳಿ.
ಫೆಬ್ರವರಿ: ಲೆಕ್ಕ, ವರದಿ, ಮುಂದಿನ ಟೀಮ್‌ಗೆ ಒಪ್ಸೋದು.

ಶಾಲೆಯೋರಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರು, ಅದಕ್ಕೆ ಮುಂಚೆ ಅವರಿಗೂ ಪರೀಕ್ಷೆ. ಮಾರ್ಚ್ ಕೊನೇಲಿ ರ್‍ಯಾಕ್ ತಗೊಂಡ್ ಹೋದ್ರೆ ಆ ವರ್ಷದ ಮಕ್ಕಳು ಒಂದು ಪುಸ್ತಕಾನೂ ಅದರಿಂದ ತೆಗೆದು ಓದಿರಲ್ಲ.

ಬಜೆಟ್, ಅಂಕಿ ಸಮೇತ

ಒಂದು ಉದಾಹರಣೆ ತಗೊಳೋಣ. ಎರಡು ಕಬ್ಬಿಣದ ರ್‍ಯಾಕು 12,000, ಇನ್ನೂರು ಪುಸ್ತಕ ತಲಾ 80ರ ಹಾಗೆ 16,000, ವಾಟರ್ ಫಿಲ್ಟರ್ ಮತ್ತು ಒಂದು ವರ್ಷದ ಸರ್ವಿಸ್ 12,000. ಒಟ್ಟು 40,000 ರೂಪಾಯಿ. ನಿಮ್ಮೂರಿನ ರೇಟು ಬೇರೆ ಇರತ್ತೆ, ಮೂರು ಅಂಗಡೀಲಿ ಕೊಟೇಷನ್ ತಗೊಂಡು ಬರೀರಿ. ಪುಸ್ತಕ ತಗೊಳೋರು ಕನ್ನಡ ಪುಸ್ತಕ ಪ್ರಾಧಿಕಾರ, ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳ ಪುಸ್ತಕಗಳನ್ನ ಒಂದ್ಸಲ ನೋಡಿ, ಶಾಲೆ ಲೈಬ್ರರಿಗೆ ಅಂತ ಕೇಳಿದ್ರೆ ರಿಯಾಯ್ತಿ ಸಿಗ್ಬೋದು.

ಈಗ ಈ 40,000ನ ಒಡೀರಿ. ರದ್ದಿಯಿಂದ 8,000: ಕೆಜಿಗೆ ಹತ್ತು ರೂಪಾಯಿ ಲೆಕ್ಕ ಹಿಡಿದ್ರೆ 800 ಕೆಜಿ ಬೇಕು, ಅಂದ್ರೆ ನಾನೂರು ಜನ ಮನೆಯಿಂದ ಎರಡೆರಡು ಕೆಜಿ ತರ್ಬೇಕು, ಆಗೋ ಮಾತೇ. ಲೆಕ್ಚರರ್ಸು ಮತ್ತು ಹಳೇ ವಿದ್ಯಾರ್ಥಿಗಳಿಂದ 12,000. ಫುಡ್ ಮೇಳದಿಂದ 20,000.

ಆ 20,000 ಬರತ್ತಾ ಅನ್ನೋದನ್ನ ಪೇಪರ್ ಮೇಲೆ ನೋಡಿ. ಹತ್ತು ಸ್ಟಾಲ್ ಇದ್ರೆ ಒಂದೊಂದಕ್ಕೆ 2,000 ಲಾಭ ಬರ್ಬೇಕು. ಚುರುಮುರಿ ಸ್ಟಾಲ್ ತಗೊಳಿ, ಮಂಡಕ್ಕಿ, ಈರುಳ್ಳಿ, ಟೊಮ್ಯಾಟೊ, ಕ್ಯಾರೆಟ್ ತುರಿ, ಕಡ್ಲೆಬೀಜ, ಎಣ್ಣೆ, ಪೇಪರ್ ಕಪ್ಪು ಎಲ್ಲಾ ಸೇರಿ ಒಂದು ಪ್ಲೇಟ್‌ಗೆ 12 ರೂಪಾಯಿ ಬಿತ್ತು, 30ಕ್ಕೆ ಮಾರಿದ್ರಿ, ಉಳಿದಿದ್ದು 18. ಹಂಗಾದ್ರೆ 112 ಪ್ಲೇಟ್ ಹೋದ್ರೆ 2,000 ದಾಟ್ತು. ಹತ್ತೂ ಸ್ಟಾಲಲ್ಲಿ ಇದೇ ರೀತಿ ಅಂದ್ರೆ ಒಟ್ಟು ಸಾವಿರದ ನೂರಿಪ್ಪತ್ತು ಪ್ಲೇಟ್. ಕಾಲೇಜಲ್ಲಿ ಆರ್ನೂರು ಜನ ಇದ್ರೆ ತಲೆಗೆ ಎರಡು ಪ್ಲೇಟ್‌ಗಿಂತ ಕಮ್ಮಿ, ಧೈರ್ಯವಾಗಿ ಮಾಡ್ಬೋದು. ಇನ್ನೂರೇ ಜನ ಇದ್ರೆ ತಲೆಗೆ ಐದಾರು ಪ್ಲೇಟ್ ಆಗತ್ತೆ, ಸಾಧ್ಯ ಇಲ್ಲ, ಅವಾಗ ನಾಲ್ಕು ಸ್ಟಾಲ್‌ಗೆ ಇಳ್ಸಿ, ಗುರಿನೂ ಇಳ್ಸಿ, ಆ ವರ್ಷ ಫಿಲ್ಟರ್ ಬಿಟ್ಟು ರ್‍ಯಾಕು ಪುಸ್ತಕ ಮಾತ್ರ ಕೊಡಿ. ಶಾಲೆಗೆ ಮಾತು ಕೊಡೋದು ಈ ಲೆಕ್ಕ ಆದ್ಮೇಲೇನೇ, ಅದಕ್ಕೆ ಮುಂಚೆ "ಮಾಡಿಸ್ಕೊಡ್ತೀವಿ ಸಾರ್" ಅಂತ ಬಾಯಿ ತಪ್ಪೀನೂ ಹೇಳ್ಬೇಡಿ, ಆ ಮಕ್ಕಳು ದಿನಾ ಕಾಯ್ತಾರೆ.

ದುಡ್ಡು ಮುಟ್ಟೋ ನಿಯಮ

ಕ್ಯೂಆರ್ ಕೋಡ್ ಇರ್ಬೇಕಾಗಿದ್ದು ಕಾಲೇಜ್ ಅಥವಾ ಕ್ಲಬ್ ಅಕೌಂಟ್‌ದು. ಅಧ್ಯಕ್ಷನ ಸ್ವಂತ ಫೋನ್‌ಪೇ ಕೋಡ್ ಪ್ರಿಂಟ್ ಹಾಕಿ ಅಂಟಿಸೋದು ಬೇಡವೇ ಬೇಡ. ಹುಡುಗ ಎಷ್ಟೇ ಪ್ರಾಮಾಣಿಕ ಆಗಿದ್ರೂ ಅವನ ಅಕೌಂಟಲ್ಲಿ ಮನೇವ್ರು ಕಳ್ಸಿರೋ ಮೆಸ್ ದುಡ್ಡು, ರೀಚಾರ್ಜ್, ಫ್ರೆಂಡ್ ವಾಪಸ್ ಕೊಟ್ಟಿದ್ದು ಎಲ್ಲಾ ಬೆರೆತು ಹೋಗತ್ತೆ, ಆಮೇಲೆ ಯಾರೋ ಒಬ್ರು ಅನುಮಾನ ಪಟ್ರೆ ಸಾಬೀತು ಮಾಡೋಕೆ ಅವನ ಹತ್ರ ಏನೂ ಇರಲ್ಲ. ಲೆಕ್ಚರರ್ ಜೊತೆ ಜಂಟಿ ಸಹಿ ಇರೋ ಅಕೌಂಟ್ ಇರ್ಲಿ, ಅದಿಲ್ಲ ಅಂದ್ರೆ ಕಾಲೇಜ್ ಆಫೀಸಲ್ಲೇ ಕಟ್ಟಿ ಅವರ ರಸೀದಿ ತಗೊಳಿ.

ನಗದು ಕೊಟ್ಟ ಪ್ರತಿಯೊಬ್ರಿಗೂ ನಂಬರ್ ಇರೋ ರಸೀದಿ, ಹತ್ತು ರೂಪಾಯಿ ಕೊಟ್ರೂ. ಡಬ್ಬ ಇಟ್ಟು ಎತ್ತೋದಾದ್ರೆ ಅದಕ್ಕೆ ಬೀಗ, ಬೀಗದ ಕೈ ಲೆಕ್ಚರರ್ ಹತ್ರ, ತೆಗೆದು ಎಣಿಸೋವಾಗ ಮೂರು ಜನ ಕೂತು ಎಣಿಸಿ, ಒಂದು ಹಾಳೇಲಿ ಐನೂರರದ್ದು ಎಷ್ಟು, ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ಅಂತ ಬರೆದು ಮೂರೂ ಜನ ಸಹಿ ಹಾಕಿ. ಆ ದುಡ್ಡಿಂದಾನೇ ಆಟೋ ಚಾರ್ಜ್ ಕೊಟ್ಬಿಡೋದು, ಟೀ ತರ್ಸೋದು ಮಾಡ್ಬೇಡಿ. ಬಂದಿದ್ದು ಪೂರ್ತಿ ಅಕೌಂಟ್‌ಗೆ ಹೋಗ್ಲಿ, ಖರ್ಚಿಗೆ ಬೇರೆ ತೆಗೆದು ಬಿಲ್ ಇಡಿ.

ಕಾನೂನಿನ ಕೆಲವು ವಿಷ್ಯ ಗೊತ್ತಿರ್ಲಿ. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧ, ಅದಕ್ಕೇ "ಇಪ್ಪತ್ತು ರೂಪಾಯಿ ಟಿಕೆಟ್, ಮೊದಲ್ನೇ ಬಹುಮಾನ ಮೊಬೈಲ್" ಅನ್ನೋ ಥರದ ಲಕ್ಕಿ ಡ್ರಾ ಐಡಿಯಾನ ಬಿಟ್ಬಿಡಿ, ಒಳ್ಳೇ ಉದ್ದೇಶಕ್ಕೆ ಅನ್ನೋದು ಅಲ್ಲಿ ನೆಪ ಆಗಲ್ಲ. ಟ್ಯಾಕ್ಸ್ ವಿನಾಯ್ತಿ, ಅಂದ್ರೆ ಜನ 80ಜಿ ಅಂತ ಕೇಳೋದು, ನೋಂದಣಿ ಇರೋ ಟ್ರಸ್ಟ್ ಅಥವಾ ಸಂಸ್ಥೆ ಮಾತ್ರ ಕೊಡಕ್ಕಾಗೋದು, ನಿಮ್ಮ ಕ್ಲಬ್ ರಸೀದಿಗೆ ಅದು ಸಿಗಲ್ಲ ಅಂತ ಮೊದ್ಲೇ ಹೇಳ್ಬಿಡಿ. ಹೊರದೇಶದಲ್ಲಿರೋ ಹಳೇ ವಿದ್ಯಾರ್ಥಿಗಳು ಕಳಿಸ್ತೀವಿ ಅಂದ್ರೆ ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳ್ಲೇಬೇಕು. ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ದುಬೈನಲ್ಲೋ ಅಮೆರಿಕಾದಲ್ಲೋ ದುಡೀತಿರೋರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳ್ಸಿದ್ರೆ ತೊಂದ್ರೆ ಇಲ್ಲ, ಅಲ್ಲಿನ ಪೌರತ್ವ ತಗೊಂಡಿದ್ರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡೋದು) ಇದ್ರೂ ಸಹ, ಅದು ವಿದೇಶಿ ದೇಣಿಗೆ ಲೆಕ್ಕಕ್ಕೆ ಬರತ್ತೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ದೇ ತಗೊಳಂಗಿಲ್ಲ. ಅಂಥೋರಿಗೆ ನೋಂದಣಿ ಇರೋ ಸಂಸ್ಥೆಗೇ ನೇರವಾಗಿ ಕೊಡಿ ಅಂತ ಹೇಳಿ. ಸಿಗ್ನಲ್‌ನಲ್ಲಿ, ಬಸ್ ಸ್ಟ್ಯಾಂಡಲ್ಲಿ ಡಬ್ಬ ಹಿಡ್ಕೊಂಡು ಎತ್ತೋದು ನನಗೆ ಇಷ್ಟ ಇಲ್ಲ, ಗಾಡಿಗಳ ಮಧ್ಯ ಮಕ್ಕಳನ್ನ ನಿಲ್ಸೋದು ಅಪಾಯ, ಪೊಲೀಸ್ ಪರ್ಮಿಷನ್ ತಲೆನೋವು, ಬರೋ ದುಡ್ಡೂ ಅಷ್ಟಕ್ಕಷ್ಟೇ.

ಫುಡ್ ಮೇಳದ ದಿನ

ಸ್ಟಾಲಲ್ಲಿ ದುಡ್ಡು ಮುಟ್ಟಂಗಿಲ್ಲ, ಟೋಕನ್ ಮಾತ್ರ. ಗೇಟ್ ಹತ್ರ ಎರಡು ಕೌಂಟರ್ ಇಡಿ, ಒಂದು ಯುಪಿಐಗೆ ಒಂದು ನಗದಿಗೆ, ಹತ್ತು ರೂಪಾಯಿದು ಹಳದಿ ಟೋಕನ್, ಇಪ್ಪತ್ತರದ್ದು ಹಸಿರು. ಕಾಲೇಜ್ ಸೀಲ್ ಹೊಡ್ದು, ಹಿಂದ್ಗಡೆ ಖಜಾಂಚಿ ಇನಿಷಿಯಲ್ ಹಾಕಿ, ಇಲ್ಲಾಂದ್ರೆ ಅದೇ ಬಣ್ಣದ ಹಾಳೆ ಕತ್ತರಿಸ್ಕೊಂಡ್ ಬರೋರು ಇರ್ತಾರೆ. ಎಲ್ಲಾ ರೇಟೂ ಹತ್ತರ ಲೆಕ್ಕದಲ್ಲಿ ಇರ್ಲಿ, 25 ರೂಪಾಯಿ ಅಂತ ಇಟ್ರೆ ಚಿಲ್ಲರೆ ಜಗಳಾನೇ ಆಗೋದು. ಸಂಜೆ ಪ್ರತಿ ಸ್ಟಾಲ್‌ನೋರು ತಮ್ಮ ಡಬ್ಬದಲ್ಲಿರೋ ಟೋಕನ್ ಎಣಿಸಿ ಕೊಡ್ತಾರೆ, ಕೌಂಟರ್‌ನಲ್ಲಿ ಮಾರಿದ್ದು ಮತ್ತು ಸ್ಟಾಲ್‌ಗಳಿಂದ ಬಂದಿದ್ದು ತಾಳೆ ಆಗ್ಬೇಕು. ಮಾರಿದ್ದು ಸ್ವಲ್ಪ ಜಾಸ್ತಿ ಇರತ್ತೆ, ಕೆಲವ್ರ ಜೇಬಲ್ಲೇ ಟೋಕನ್ ಉಳ್ಕೊಂಡಿರತ್ತೆ. ಸ್ಟಾಲ್ ಕಡೇದು ಜಾಸ್ತಿ ಬಂತು ಅಂದ್ರೆ ಮಾತ್ರ ಎಲ್ಲೋ ನಕಲಿ ಸೇರಿದೆ ಅಂತ.

ಐಟಂ ಆರಿಸೋವಾಗ ಬೆಂಕಿ ಬೇಡದ್ದಕ್ಕೆ ಮೊದಲ ಆದ್ಯತೆ: ಚುರುಮುರಿ, ಗಿರ್ಮಿಟ್, ನಿಪ್ಪಟ್ ಮಸಾಲೆ, ಕೋಸಂಬರಿ, ಪಾನಕ, ಮಸಾಲೆ ಮಜ್ಜಿಗೆ, ಹಣ್ಣಿನ ಬಟ್ಲು. ಗಿರ್ಮಿಟ್ ಒಗ್ಗರಣೆ ಮನೇಲೇ ಮಾಡ್ಕೊಂಡ್ ಬಂದು ಇಲ್ಲಿ ಕಲಸಿದ್ರಾಯ್ತು. ಮಿರ್ಚಿ ಬಜ್ಜಿ ಬೇಕೇ ಬೇಕು ಅಂದ್ರೆ ಒಂದೇ ಸ್ಟಾಲ್, ಜನ ಓಡಾಡೋ ಜಾಗದಿಂದ ದೂರ, ಶಾಮಿಯಾನದ ಬಟ್ಟೆ ಕೆಳಗಂತೂ ಅಲ್ಲ, ಕಾಯ್ದ ಎಣ್ಣೆ ಹತ್ರ ಅಡುಗೆ ಗೊತ್ತಿರೋ ದೊಡ್ಡೋರು ಒಬ್ರು, ಪಕ್ಕದಲ್ಲಿ ಮರಳಿನ ಬಕೆಟ್. ಕತ್ತರಿಸಿದ ಹಣ್ಣು, ಮೊಸರು ಮಧ್ಯಾಹ್ನದ ಮೇಲೆ ಮಾರ್ಬೇಡಿ. ಕುಡಿಯೋ ನೀರಿನ ಕ್ಯಾನ್ ಸಾಕಷ್ಟಿರ್ಲಿ, ಲೋಟ ಮನೆಯಿಂದ ತರೋಕೆ ಹೇಳಿ.

ಬ್ಯಾನರ್‌ಗೆ ಫ್ಲೆಕ್ಸ್ ಬೇಡ, ಪ್ಲಾಸ್ಟಿಕ್ ಫ್ಲೆಕ್ಸ್ 2016ರಿಂದ ರಾಜ್ಯದಲ್ಲಿ ನಿಷೇಧ ಆಗಿದೆ, ಬಿಳೀ ಬಟ್ಟೆ ಮೇಲೆ ಕೈಲಿ ಬರೆದಿದ್ದು ಮುಂದಿನ ವರ್ಷಕ್ಕೂ ಬರತ್ತೆ. ಮೈಕ್ ಸಣ್ಣದಿರ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಂಗಿಲ್ಲ ಅನ್ನೋದು ಎಲ್ರಿಗೂ ಗೊತ್ತು, ಶಾಲೆ ಕಾಲೇಜು ಆಸ್ಪತ್ರೆ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ.

ರಕ್ತದಾನ ಶಿಬಿರ

ಇದರಲ್ಲಿ ದುಡ್ಡು ಬರಲ್ಲ, ಆದ್ರೂ ವರ್ಷದಲ್ಲಿ ಒಂದು ಇರ್ಲೇಬೇಕು ಅಂತ ನನ್ನ ಅಭಿಪ್ರಾಯ. ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅವತ್ತು ಬ್ಲಡ್ ಬ್ಯಾಂಕ್‌ಗಳಿಗೆ ಎಲ್ಲಾ ಕಡೆಯಿಂದ ಕರೆ ಇರತ್ತೆ, ಅದಕ್ಕೇ ಒಂದು ವಾರ ಮುಂಚೆ ಇಟ್ಕೊಳಿ. ಲೈಸೆನ್ಸ್ ಇರೋ ಬ್ಲಡ್ ಬ್ಯಾಂಕ್ ಜೊತೆಗೇ ಮಾಡ್ಬೇಕು. ವಯಸ್ಸು 18 ಆಗಿರ್ಬೇಕು, ಹಾಗಾಗಿ ಪಿಯು ಮಕ್ಕಳಲ್ಲಿ ಹೆಚ್ಚಿನೋರು ಕೊಡಂಗಿಲ್ಲ, ಅವರು ನೋಂದಣಿ ಟೇಬಲ್, ಜ್ಯೂಸ್ ಟೇಬಲ್ ನೋಡ್ಕೊಳ್ಲಿ. ತೂಕ ಕಮ್ಮಿ ಅಂದ್ರೂ 45 ಕೆಜಿ, ಹಿಮೋಗ್ಲೋಬಿನ್ 12.5 ಇರ್ಬೇಕು, ಹಿಂದಿನ ಸಲ ಕೊಟ್ಟು ಗಂಡಸ್ರಿಗೆ ಮೂರು ತಿಂಗ್ಳು, ಹೆಂಗಸ್ರಿಗೆ ನಾಲ್ಕು ತಿಂಗ್ಳು ಆಗಿರ್ಬೇಕು. ಟ್ಯಾಟೂ ಹಾಕಿಸ್ಕೊಂಡು ಒಂದು ವರ್ಷ ಆಗಿರ್ದಿದ್ರೆ ಬೇಡ. ಇದನ್ನ ಹಿಂದಿನ ದಿನಾನೇ ಗ್ರೂಪಿಗೆ ಹಾಕಿ, ಜೊತೆಗೆ "ಬೆಳಿಗ್ಗೆ ತಿಂಡಿ ತಿಂದು ಬನ್ನಿ" ಅಂತ ದೊಡ್ಡದಾಗಿ ಬರೀರಿ, ತಲೆ ಸುತ್ತಿ ಬೀಳೋರಲ್ಲಿ ಎಷ್ಟೋ ಜನ ಖಾಲಿ ಹೊಟ್ಟೇಲಿ ಬಂದೋರು. ದುಡ್ಡು ಕೊಟ್ಟು ರಕ್ತ ತಗೊಳೋದು 1998ರ ಜನವರಿಯಿಂದ ದೇಶದಲ್ಲಿ ನಿಷೇಧ, ಅದಕ್ಕೇ ಗಿಫ್ಟ್ ವೋಚರ್ ಥರದ ಆಸೆ ತೋರಿಸ್ಬೇಡಿ. ಅಟೆಂಡೆನ್ಸ್ ಕೊಡ್ತೀವಿ ಅಂತ ಒತ್ತಾಯ ಮಾಡೋದೂ ತಪ್ಪು, ಭಯ ಇರೋರು ಏನೋ ಮುಚ್ಚಿಟ್ಟು ಕೊಟ್ರೆ ಅದು ರೋಗಿಗೆ ಅಪಾಯ.

ಮಧ್ಯದಲ್ಲಿ ಪ್ರವಾಹ ಬಂದ್ರೆ

2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಬೆಳಗಾವಿ-ಬಾಗಲಕೋಟೆ ಕಡೆ ಆದಾಗ ಕಾಲೇಜ್ ಕಾಲೇಜಲ್ಲೂ ಸಂಗ್ರಹ ನಡೀತು. ಅಂಥ ಸಮಯದಲ್ಲಿ ವರ್ಷದ ಪ್ಲಾನ್ ಪಕ್ಕಕ್ಕಿಡೋದೇ ಸರಿ. ಆದ್ರೆ ಹಳೇ ಬಟ್ಟೆ ಎತ್ತೋಕೆ ಹೋಗ್ಬೇಡಿ. ಹರಿದಿದ್ದು, ಒಗೆಯದೇ ಇರೋದು, ಸೈಜ್ ಗೊತ್ತಿಲ್ಲದ್ದು ರಾಶಿ ಬಿದ್ರೆ ಪರಿಹಾರ ಕೇಂದ್ರದೋರಿಗೆ ಅದನ್ನ ವಿಂಗಡಿಸೋದೇ ಇನ್ನೊಂದು ಕೆಲಸ ಆಗತ್ತೆ. ಅಲ್ಲಿರೋರ ಜೊತೆ ಮಾತಾಡಿ, ಕೇಳಿದ್ದನ್ನ ಹೊಸದಾಗಿ ತಗೊಂಡು ಕಳ್ಸಿ: ಹೊದಿಕೆ, ಚಾಪೆ, ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಸೊಳ್ಳೆ ಬತ್ತಿ, ಟಾರ್ಚ್. ಬಾಕ್ಸ್ ಮೇಲೆ ಒಳಗೇನಿದೆ, ಎಷ್ಟಿದೆ ಅಂತ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೀರಿ. ಮನೇಲಿರೋ ಒಳ್ಳೇ ಬಟ್ಟೆ ಕೊಡ್ಲೇಬೇಕು ಅನ್ನೋರನ್ನ ಗೂಂಜ್‌ನಂಥ, ವಿಂಗಡಿಸೋ ವ್ಯವಸ್ಥೆ ಇರೋ ಸಂಸ್ಥೆಗೆ ಕಳ್ಸಿ.

ಕೊಡೋ ದಿನ ಮತ್ತು ಫೋಟೋ

ರ್‍ಯಾಕ್ ತಗೊಂಡು ಶಾಲೆಗೆ ಹೋದಾಗ ಸ್ಟೇಜು, ಹಾರ, ಶಾಲು, ಒಂದೂವರೆ ಗಂಟೆ ಭಾಷಣ ಬೇಡ. ಮಕ್ಕಳ ಜೊತೆ ಕೂತು ಪುಸ್ತಕಕ್ಕೆ ನಂಬರ್ ಹಾಕಿ, ಬೈಂಡ್ ಹಾಕಿ, ಒಂದ್ ಕಥೆ ಜೋರಾಗಿ ಓದಿ. ಬಡ ಮಗು ಕೈ ಚಾಚಿ ಪೆನ್ಸಿಲ್ ತಗೊಳ್ತಿರೋ ಫೋಟೋ ಯಾರೂ ಹಾಕ್ಬೇಡಿ, ನಾಳೆ ಆ ಮಗು ನಿಮ್ಮ ಕಾಲೇಜಿಗೇ ಅಡ್ಮಿಷನ್‌ಗೆ ಬರ್ಬೋದು, ಆ ಫೋಟೋ ಅವತ್ತೂ ಇರತ್ತೆ. ಬಾಲಮಂದಿರದಂಥ ಮಕ್ಕಳ ಪಾಲನಾ ಸಂಸ್ಥೆಗೆ ಹೋದ್ರಂತೂ ಮುಖ, ಹೆಸ್ರು ಗುರುತು ಸಿಗೋ ಹಾಗೆ ಹಾಕೋದು 2015ರ ಬಾಲನ್ಯಾಯ ಕಾಯ್ದೆ ಸೆಕ್ಷನ್ 74ರ ಪ್ರಕಾರ ಅಪರಾಧ. ಫೋಟೋ ಬೇಕು ಅಂದ್ರೆ ತುಂಬಿದ ರ್‍ಯಾಕಿಂದು, ನೀರು ಬರ್ತಿರೋ ಫಿಲ್ಟರಿಂದು ತೆಗೀರಿ, ದಾನಿಗಳು ನೋಡ್ಬೇಕಾಗಿರೋದೂ ಅದನ್ನೇ.

ಲೆಕ್ಕ ನೋಟಿಸ್ ಬೋರ್ಡಿಗೆ

ಒಂದೇ ಪುಟ ಸಾಕು. ಎಡಗಡೆ ಬಂದಿದ್ದು, ಬಲಗಡೆ ಖರ್ಚಾಗಿದ್ದು, ಕೆಳಗೆ ಉಳಿದಿದ್ದು, ಬಿಲ್‌ಗಳ ಫೈಲ್ ಯಾರ ಹತ್ರ ಇದೆ ಅಂತ ಒಂದು ಸಾಲು, ಲೆಕ್ಚರರ್ ಸಹಿ. ಅದನ್ನೇ ಫೋಟೋ ತೆಗೆದು ದಾನಿಗಳ ಗ್ರೂಪಿಗೆ, ಶಾಲೆ ಹೆಡ್‌ಮಾಸ್ಟರ್‌ಗೆ, ಸ್ಪಾನ್ಸರ್ ಅಂಗಡಿಯೋರಿಗೆ ಕಳ್ಸಿ. 20 ರೂಪಾಯಿ ಟೋಕನ್ ತಗೊಂಡ ಫಸ್ಟ್ ಇಯರ್ ಹುಡುಗನೂ ದಾನಿನೇ, ಅವನಿಗೂ ಕಾಣೋ ಜಾಗದಲ್ಲಿ ಅಂಟಿಸಿ. ದುಡ್ಡು ಗುರಿಗಿಂತ ಕಮ್ಮಿ ಬಂದಿದ್ರೂ ಹಾಕಿ.

ಮುಂದಿನ ಟೀಮ್‌ಗೆ ಕೊಡೋ ಫೈಲಲ್ಲಿ ಪ್ರಿನ್ಸಿಪಾಲ್ ಪರ್ಮಿಷನ್ ಕಾಪಿ, ಸ್ಪಾನ್ಸರ್ ಕೊಟ್ಟೋರ ಮತ್ತು ಕೊಡದೇ ಇದ್ದೋರ ಪಟ್ಟಿ, ಯಾವ ಸ್ಟಾಲ್‌ಗೆ ಎಷ್ಟು ಲಾಭ ಬಂತು, ಶಾಮಿಯಾನದವರ ರೇಟು, ಫಿಲ್ಟರ್ ಸರ್ವಿಸ್ ಯಾವಾಗ ಮಾಡಿಸ್ಬೇಕು ಅನ್ನೋದು ಇರ್ಲಿ. ಫೈನಲ್ ಇಯರ್‌ನೋರು ಪರೀಕ್ಷೆ ಮುಗಿದ್ ದಿನಾನೇ ಊರಿಗೆ ಹೊರಟ್ಬಿಡ್ತಾರೆ, ಹಾಗಾಗಿ ಫೆಬ್ರವರಿಲೇ ಜೂನಿಯರ್ ಖಜಾಂಚಿನ ಬ್ಯಾಂಕಿಗೆ ಕರ್ಕೊಂಡು ಹೋಗಿ ಸಹಿ ಬದಲಾವಣೆ ಅರ್ಜಿ ಕೊಟ್ಬನ್ನಿ, ಜೂನ್‌ನಲ್ಲಿ ಹೊಸ ಟೀಮು ಅಕೌಂಟ್ ತೆಗೆಯೋಕಾಗ್ದೇ ನಿಂತ್ಕೊಳೋದು ತಪ್ಪತ್ತೆ.